ನಮ್ಮ ಜುಜೆಯ ಕತ್ತು ವಾಲಿದ್ದು

ಹೆದರಿಕೊಳ್ಳುವುದನ್ನೂ ಒಂದು ಕಸುಬು ಎಂದು ಒಪ್ಪುವುದಾದರೆ ನಾನು ಅದರಲ್ಲಿ ಚೆನ್ನಾಗಿ ಪಳಗಿದವಳು. ಫೋನು ಬಂದರೆ ಯಾರಿಗೆ ಏನಾಯಿತೋ ಎಂದು ಹೆದರುತ್ತೇನೆ. ಬಾರದಿದ್ದರೆ, ಏನೋ ಆಗಿರುವುದರಿಂದಲೇ ಬಂದಿಲ್ಲ ಎಂದು ಹೆದರುತ್ತೇನೆ. ಪಡೀಲಿನ ನಮ್ಮ ಮನೆಯಿಂದ ಹೊರಟು ಬಸ್‌ಸ್ಟಾಪು ತಲುಪುವಷ್ಟರಲ್ಲಿ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಸಂಶಯ ಹುಟ್ಟಿ, ವಾಪಸು ಓಡಿ, ಬಂದ್ ಆಗಿದ್ದದ್ದನ್ನು ಕಣ್ಣಾರೆ ಕಂಡು, ಮತ್ತೆ ಹೊರಟು, ಈ ಗಡಿಬಿಡಿಯಲ್ಲಿ ಬಾಗಿಲಿಗೆ ಬೀಗ ಹಾಕಿದೆನೋ ಎಂದು ಚಿಂತಿಸುವವಳು ನಾನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಪರೀಕ್ಷೆಗೆ ಹೆದರಬೇಡಿ ಎಂದು ಮಕ್ಕಳಿಗೆ ಧೈರ್ಯ ಹೇಳುವುದರಲ್ಲಿಯೇ ನನ್ನಲ್ಲಿರುವ ಧೈರ್ಯವೆಲ್ಲ ಖರ್ಚಾಗುತ್ತದೆ, ಮನೆಗೆ ತರುವಷ್ಟು ಉಳಿಯುವುದಿಲ್ಲ. ಆದರೆ ಇಂಥ ನಾನೂ ಒಂದು ಮೊಲದ ಮೆದುಳಿನ ಬಗ್ಗೆ ಹೆದರಬೇಕಾದ ಕಾಲ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಮೊಲ ನಾನು ಬೇಡಿ ತಂದದ್ದಲ್ಲ. ಮಳೆಗಾಲಕ್ಕೆ ಮುಂಚೆ ನನ್ನ ಗಂಡ ವಲೇರಿಯನ್ ಬಂದರಿಗೆ ಒಣಮೀನು ತರಲು ಹೋಗಿದ್ದರು. ಬರುವಾಗ ಕೈಯಲ್ಲಿ ಒಂದು ಚೀಲವಿತ್ತು. ಒಣಸಿಗಡಿ ಎಂದುಕೊಂಡು ನಾನು ಕೈಹಾಕಿದೆ. ಒಣಸಿಗಡಿ ಬೆಚ್ಚಗಿತ್ತು, ಅದಕ್ಕೆ ಉಸಿರಾಟವೂ ಇತ್ತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಸುಮತಿಯಕ್ಕ ಒಲೆಯ ಮೇಲಿನ ಗಂಜಿ ಬಿಟ್ಟು ಓಡಿಬಂದರು. ವಲೇರಿಯನ್ ಮಾತ್ರ ಶಾಂತವಾಗಿ, ದಾರಿಯಲ್ಲಿ ಒಬ್ಬ ಮಾರುತ್ತಿದ್ದ, ಕೊನೆಯ ಒಂದು ಮರಿ ಉಳಿದಿತ್ತು ಎಂದರು. ಒಣಮೀನು ಎಲ್ಲಿ ಎಂದರೆ, ಮರೆತುಹೋಯಿತು ಎಂದರು. ಅಂದು ಅವರು ಆಡಿದ್ದು ಅಷ್ಟೇ ಮಾತು. ಉಳಿದ ದಿನಗಳಿಗೆ ಹೋಲಿಸಿದರೆ ಅದು ಭಾಷಣ.

ಅವರ ಸ್ವಭಾವ ಹಾಗೆ. ಮದುವೆಯಾದ ಹೊಸತರಲ್ಲೇ ದೋಹಾಕ್ಕೆ ಹೋಗಿ ಏಸಿ ರಿಪೇರಿಯ ಕೆಲಸಕ್ಕೆ ಸೇರಿದವರು, ತಲೆಕೂದಲು ಪೂರ್ತಿ ಬೆಳ್ಳಗಾದ ಮೇಲೆ ಊರಿಗೆ ಬಂದರು. ನಡುವೆ ರಜೆಯಲ್ಲಿ ಬರುತ್ತಿದ್ದರು, ಹೋಗುತ್ತಿದ್ದರು. ಶಾಶ್ವತವಾಗಿ ಬಂದ ಮೇಲೆ ನೋಡುತ್ತೇನೆ, ಮನೆಯಲ್ಲಿ ಒಬ್ಬ ಒಳ್ಳೆಯ ಅತಿಥಿ ಇದ್ದಾರೆ. ಊಟ ಚೆನ್ನಾಗಿದೆ ಎನ್ನುತ್ತಾರೆ, ತಟ್ಟೆ ತೊಳೆದಿಡುತ್ತಾರೆ, ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ, ತಾನಾಗಿ ಏನನ್ನೂ ಹೇಳುವುದಿಲ್ಲ. ಮಗಳು ಮದುವೆಯಾಗಿ ಉಡುಪಿಯಲ್ಲಿದ್ದಾಳೆ. ನಾನು ಶಾಲೆಗೆ ಹೋದರೆ ಸಂಜೆಯವರೆಗೆ ಅವರಿಗೆ ಆ ಮೊಲವೊಂದೇ ಗತಿ. ಅದಕ್ಕೆ ಅವರು ಜುಜೆ ಎಂದು ಹೆಸರಿಟ್ಟಾಗ ನಾನು ತಕರಾರು ಮಾಡಿದೆ. ಜುಜೆ ಎಂದರೆ ನಮ್ಮ ಕೊಂಕಣಿಯಲ್ಲಿ ಸಂತ ಜೋಸೆಫರ ಹೆಸರು. ಎಲೆಕೋಸು ತಿನ್ನುವ ಪ್ರಾಣಿಗೆ ಆ ಹೆಸರಿಟ್ಟದ್ದು ಪಾದ್ರಿಗಳಿಗೆ ಗೊತ್ತಾದರೆ ಏನು ಗತಿ ಎಂಬುದು ನನ್ನ ಚಿಂತೆ. ಅವರು ಸ್ವಲ್ಪ ಯೋಚಿಸಿ, "ಬೈಬಲಿನಲ್ಲಿ ಜೋಸೆಫರು ಒಂದು ಮಾತೂ ಆಡುವುದಿಲ್ಲ, ಇವನೂ ಹಾಗೆಯೇ" ಎಂದರು. ಮೂವರಲ್ಲಿ ಮಾತಾಡುವವಳು ನಾನೊಬ್ಬಳೇ ಎಂದಾಯಿತು.

ಒಂದು ಶನಿವಾರ ಬೆಳಿಗ್ಗೆ ನಾನು ಚಪಾತಿ ಹಿಟ್ಟು ಕಲಸುತ್ತಿದ್ದಾಗ ಹಿಂದಿನ ಜಗಲಿಯಿಂದ ಅವರು ನನ್ನ ಹೆಸರು ಹಿಡಿದು ಕರೆದರು. "ಲೀನಾ" ಎಂದು. ಸಾಮಾನ್ಯವಾಗಿ ಅವರು ಕರೆಯುವುದಿಲ್ಲ, ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಹಿಟ್ಟಿನ ಕೈಯಲ್ಲೇ ಓಡಿದೆ. ಜುಜೆ ಗೂಡಿನ ಮೂಲೆಗೆ ಒರಗಿ ನಿಂತಿದ್ದ. ತಲೆ ಪೂರ್ತಿ ಎಡಕ್ಕೆ ವಾಲಿತ್ತು, ಒಂದು ಕಿವಿ ನೆಲ ಮುಟ್ಟುತ್ತಿತ್ತು, ಒಂದು ಕಣ್ಣು ಆಕಾಶ ನೋಡುತ್ತಿತ್ತು. ಆ ಕಣ್ಣು ನಿಂತಲ್ಲಿ ನಿಲ್ಲದೆ ಅತ್ತಿಂದಿತ್ತ ಟಕಟಕ ಓಡುತ್ತಿತ್ತು. ವಲೇರಿಯನ್ ಕೈ ಮುಂದೆ ಮಾಡಿದರು. ಎಂದಿನಂತೆ ಅವರ ಕಡೆಗೆ ಬರಲು ಅವನು ಒಂದು ಹೆಜ್ಜೆ ಇಟ್ಟ, ಅಷ್ಟಕ್ಕೇ ಮಗುಚಿ ಬಿದ್ದು ಗಿರಗಿರನೆ ಉರುಳತೊಡಗಿದ. ಉರುಳಿ ಉರುಳಿ ಗೂಡಿನ ಸರಳಿಗೆ ಬಡಿದು ನಿಂತ. ವಲೇರಿಯನ್ ಅವನನ್ನು ಎತ್ತಿ ಎದೆಗೆ ಒತ್ತಿ ಹಿಡಿದುಕೊಂಡರು.

ಲಕ್ವ ಎಂದೆ ನಾನು. ನನ್ನ ಸೋದರಮಾವನಿಗೆ ಹೀಗೆಯೇ ಬಾಯಿ ಒಂದು ಕಡೆಗೆ ಹೋಗಿತ್ತು. ಕಂಪೌಂಡಿನ ಆಚೆಯಿಂದ ನೋಡುತ್ತಿದ್ದ ಸುಮತಿಯಕ್ಕ, "ಲಕ್ವ ಅಲ್ಲ ಟೀಚರೇ, ದೃಷ್ಟಿ ತಾಗಿದ್ದು ಮಾರಾಯ್ರೆ, ಅಷ್ಟು ಬಿಳಿ ಉಂಟಲ್ಲ ಅದು" ಎಂದರು. ಮೆಣಸು, ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತೇನೆಂದು ಅವನ್ನು ತರಲು ಒಳಗೆ ಹೋದರು. ನಾನು ಬೇಡ ಎನ್ನಲಿಲ್ಲ. ಹೆದರಿದವಳಿಗೆ ಎಲ್ಲ ಚಿಕಿತ್ಸೆಗಳೂ ಬೇಕು. ಅವರು ನಿವಾಳಿಸಿ ಮುಗಿಸುವಷ್ಟರಲ್ಲಿ ನಾನು ಆಟೋ ಕರೆದಾಗಿತ್ತು. ಪರಿಚಯದ ಒಬ್ಬರು, ಕಂಕನಾಡಿಯಲ್ಲಿ ಮೊಲ, ಗಿಳಿ, ಆಮೆಗಳನ್ನೆಲ್ಲ ನೋಡುವ ಒಬ್ಬ ಲೇಡಿ ಡಾಕ್ಟರ್ ಇದ್ದಾರೆ ಎಂದು ಫೋನಿನಲ್ಲಿ ಹೇಳಿದ್ದರು. ಜುಜೆಯನ್ನು ಟವೆಲಿನಲ್ಲಿ ಸುತ್ತಿ ವಲೇರಿಯನ್ ಮಡಿಲಲ್ಲಿಟ್ಟುಕೊಂಡರು. ದಾರಿಯ ಪ್ರತಿ ಹೊಂಡಕ್ಕೂ ಆಟೋದವನಿಗೆ ನಿಧಾನ, ನಿಧಾನ ಎಂದು ನಾನು ಹೇಳುತ್ತಲೇ ಹೋದೆ. ಅವನು ತಿರುಗಿ ನೋಡಿ, ಟವೆಲು ಕಂಡು, ಎಳೇ ಮಗುವನ್ನು ಒಯ್ಯುತ್ತಿದ್ದೇವೆಂದು ತಿಳಿದನೋ ಏನೋ, ಆಮೇಲೆ ಅಷ್ಟು ನಿಧಾನವಾಗಿ ಓಡಿಸಿದ ಎಂದರೆ, ತಡವಾಗುತ್ತದೆಂದು ನಾನು ಮತ್ತೊಂದು ರೀತಿಯಲ್ಲಿ ಹೆದರಬೇಕಾಯಿತು.

ಡಾಕ್ಟರ್ ಸಹನಾ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಅವಳನ್ನು ಕಂಡಕೂಡಲೇ, ಇಷ್ಟು ಚಿಕ್ಕವಳಿಗೆ ಏನು ಗೊತ್ತಿರಲು ಸಾಧ್ಯ ಎಂದು ಹೆದರಿದೆ. ಅವಳು ಜುಜೆಯ ಎರಡು ಕಿವಿಗಳಿಗೂ ಲೈಟು ಬಿಟ್ಟು ಬಹಳ ಹೊತ್ತು ಇಣುಕಿದಳು. ಹಿಂಗಾಲುಗಳನ್ನು ಮೆಲ್ಲಗೆ ಮಡಚಿ ಬಿಟ್ಟು, ಅವನು ತಾನಾಗಿ ಅವುಗಳನ್ನು ಸರಿಮಾಡಿಕೊಳ್ಳುತ್ತಾನೋ ಎಂದು ನೋಡಿದಳು. ತಲೆಯ ಎಕ್ಸ್‌ರೇ ತೆಗೆಸಿದಳು. ಕಾಲಿನಿಂದ ಒಂದಿಷ್ಟು ರಕ್ತ ತೆಗೆದಳು. ಆಗ ನಾನು ಮುಖ ತಿರುಗಿಸಿ ಗೋಡೆಯ ಮೇಲಿದ್ದ ಪರ್ಷಿಯನ್ ಬೆಕ್ಕಿನ ಪೋಸ್ಟರನ್ನು ಓದಿದೆ. ಆಮೇಲೆ ನಮ್ಮನ್ನು ಕೂರಿಸಿ ವಿವರಿಸಿದಳು. ಮೊಲದ ತಲೆ ಹೀಗೆ ವಾಲುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಕಿವಿಯ ಒಳಭಾಗದಲ್ಲಿ ಕೀವು. ಇನ್ನೊಂದು, ಮೆದುಳಿಗೆ ಮತ್ತು ಮೂತ್ರಪಿಂಡಕ್ಕೆ ಹೋಗಿ ಕೂರುವ, ಕಣ್ಣಿಗೆ ಕಾಣದಷ್ಟು ಸಣ್ಣ ಪರೋಪಜೀವಿ. ಹೆಚ್ಚಾಗಿ ಮರಿಯಾಗಿದ್ದಾಗಲೇ ತಾಯಿಯಿಂದ, ಇಲ್ಲದಿದ್ದರೆ ಇನ್ನೊಂದು ಮೊಲದ ಮೂತ್ರದಿಂದ ಬರುತ್ತದೆ. ಎಷ್ಟೋ ಕಾಲ ಸದ್ದಿಲ್ಲದೆ ಇದ್ದು ಒಂದು ದಿನ ಹೀಗೆ ಏಳುತ್ತದೆ. ಹೆಸರೇನು ಎಂದು ಕೇಳಿದೆ. ಎನ್‌ಸೆಫಲಿಟೊಜೂನ್ ಕ್ಯುನಿಕ್ಯುಲೈ ಎಂದಳು. ಹಳಗನ್ನಡದ ಪದ್ಯಗಳನ್ನು ಉಸಿರು ಬಿಡದೆ ಓದುವ ನನ್ನ ನಾಲಿಗೆ ಅಲ್ಲಿ ಎಡವಿತು. ನನ್ನ ಕಷ್ಟ ನೋಡಿ ಅವಳು, ನಾವು ಇ.ಸಿ. ಅಂತಲೇ ಹೇಳುವುದು ಎಂದಳು.

ಕಿವಿ ಶುದ್ಧವಾಗಿತ್ತು, ಎಕ್ಸ್‌ರೇಯಲ್ಲೂ ಕೀವಿನ ಗುರುತಿರಲಿಲ್ಲ. ಹಾಗಾದರೆ ಇ.ಸಿ.ಯೇ ಎಂದು ಗ್ಯಾರಂಟಿಯೇ ಎಂದು ಕೇಳಿದೆ. ನನಗೆ ಗ್ಯಾರಂಟಿ ಬೇಕು. ಕೆಟ್ಟ ಸುದ್ದಿಯಾದರೂ ಪರವಾಗಿಲ್ಲ, ಸ್ಪಷ್ಟವಾಗಿರಬೇಕು. ಅವಳು, ರಕ್ತಪರೀಕ್ಷೆಯಲ್ಲಿ ಪಾಸಿಟಿವ್ ಬಂದರೂ, ಇವನಿಗೆ ಯಾವಾಗಲೋ ಆ ಜೀವಿಯ ಸಂಪರ್ಕ ಆಗಿತ್ತು ಎಂದಷ್ಟೇ ಅರ್ಥ, ಎಷ್ಟೋ ಆರೋಗ್ಯವಂತ ಮೊಲಗಳಲ್ಲೂ ಪಾಸಿಟಿವ್ ಬರುತ್ತದೆ ಎಂದಳು. "ಬೇರೆ ಯಾವುದೂ ಅಲ್ಲ ಅಂತ ಹೇಳಬಹುದು ಟೀಚರ್. ಇದೇ ಅಂತ ನೂರಕ್ಕೆ ನೂರು ಹೇಳಲಿಕ್ಕೆ ಆಗುವುದಿಲ್ಲ. ಆದರೆ ಔಷಧಿಗೆ ಅದನ್ನೆಲ್ಲ ಕಾಯುವುದು ಬೇಡ, ಇವತ್ತೇ ಶುರು ಮಾಡುವ." ಬದುಕುತ್ತಾನೆಯೇ ಎಂದು ಕೇಳಿದ್ದು ವಲೇರಿಯನ್. ಒಳಗೆ ಬಂದಾಗಿನಿಂದ ಅವರ ಬಾಯಿಂದ ಬಂದ ಮೊದಲ ಮಾತು ಅದು. ಡಾಕ್ಟರ್ ಸುಳ್ಳು ಹೇಳಲಿಲ್ಲ. ಕೆಲವು ಉಳಿಯುತ್ತವೆ, ಕೆಲವು ಇಲ್ಲ ಎಂದಳು. "ಅವನು ತಿನ್ನುವುದನ್ನು ನಿಲ್ಲಿಸಬಾರದು, ಅಂಕಲ್. ತಲೆಯ ಕಾಯಿಲೆಗಿಂತ ಮೊದಲು ಖಾಲಿ ಹೊಟ್ಟೆಯೇ ಮೊಲವನ್ನು ಕೊಲ್ಲುತ್ತದೆ." ವಲೇರಿಯನ್ ತಲೆಯಾಡಿಸಿದರು, ದೋಹಾದಲ್ಲಿ ಮೇಲಧಿಕಾರಿಯ ಮುಂದೆ ಆಡಿಸುತ್ತಿದ್ದಂತೆ.

ಹೊರಡುವಾಗ ನಾನು ನನ್ನ ಸ್ವಂತ ಪ್ರಶ್ನೆಯನ್ನು ಕೇಳಿದೆ. ಇದು ಮನುಷ್ಯರಿಗೆ ಬರುತ್ತದೆಯೇ? ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ಜಾಗ್ರತೆ ಮಾಡಬೇಕು, ಉಳಿದವರು ಕೈ ತೊಳೆದುಕೊಂಡು, ಗೂಡು ಸ್ವಚ್ಛ ಇಟ್ಟುಕೊಂಡರೆ ಸಾಕು ಎಂದಳು. ನನ್ನ ಶಕ್ತಿ ಕುಗ್ಗಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತು? ಅಂದಿನಿಂದ ಪ್ರತಿದಿನ ಶಾಲೆಗೆ ಹೊರಡುವಾಗ ಕನ್ನಡಿಯಲ್ಲಿ ಕತ್ತು ನೇರವಿದೆಯೇ ಎಂದು ನೋಡಿಕೊಳ್ಳತೊಡಗಿದೆ. ಹಾಗೆ ನೋಡಲು ಕತ್ತನ್ನು ಸ್ವಲ್ಪ ಓರೆ ಮಾಡಬೇಕಿತ್ತು. ಓರೆಯಾದ ಕತ್ತನ್ನು ಕಂಡು ಗಾಬರಿಯಾಗುತ್ತಿತ್ತು. ಕೈ ತೊಳೆದು ತೊಳೆದು ಬೆರಳಿನ ಚರ್ಮ ಸುಕ್ಕುಗಟ್ಟಿತು. ಸ್ಟಾಫ್‌ರೂಮಿನಲ್ಲಿ ಗಣಿತದ ಟೀಚರ್, ಮನೆಯಲ್ಲಿ ಕೆಲಸದವಳು ಬಿಟ್ಟುಹೋದಳೇ ಎಂದು ಮರುಕಪಟ್ಟರು.

ಔಷಧಿ ಎಂದರೆ ನಾಯಿಗೆ, ಆಡಿಗೆ ಹುಳಕ್ಕೆ ಕೊಡುವಂಥ ಬಿಳಿ ದ್ರವ, ಸುಮಾರು ಒಂದು ತಿಂಗಳು ತಪ್ಪದೆ ಕೊಡಬೇಕು. ಮೆದುಳಿನ ಊತಕ್ಕೆ ಇನ್ನೊಂದು, ತಲೆ ಸುತ್ತುವುದಕ್ಕೆ ಮಾತ್ರೆಯ ಒಂದು ಚೂರು. ಉರುಳಿದಾಗ ಪೆಟ್ಟಾಗದಂತೆ ಗೂಡಿನ ನಾಲ್ಕೂ ಕಡೆ ಮೆತ್ತಗಿರಬೇಕೆಂದು ಡಾಕ್ಟರ್ ಹೇಳಿದ್ದಳು. ನಾನು ಹಳೆಯ ಬೆಡ್‌ಶೀಟು ಹುಡುಕುತ್ತಿದ್ದಾಗ ವಲೇರಿಯನ್ ಕಪಾಟಿನ ಮೇಲಿಂದ ಗಲ್ಫ್ ಕಂಬಳಿಯನ್ನು ಇಳಿಸಿದರು. ಆ ಕಂಬಳಿ ಬಂದಾಗಿನಿಂದ ಪ್ಲಾಸ್ಟಿಕ್ಕಿನ ಚೀಲದೊಳಗೇ ಇತ್ತು. ಬಿಷಪರು ಬಂದು ತಂಗಿದರೆ ತೆಗೆಯಬಹುದೆಂದು ಇಟ್ಟಿದ್ದೆ. ಅದರ ಮೇಲೆ ದೊಡ್ಡ ಹುಲಿಯ ಚಿತ್ರ. ನನ್ನ ವಿರೋಧ ಬಾಯಿಗೆ ಬರುವ ಮೊದಲೇ ಹುಲಿಯ ಮೂತಿಯ ಮೇಲೆ ಜುಜೆ ಮಲಗಿಯಾಗಿತ್ತು. ಇತ್ತ ಸುಮತಿಯಕ್ಕ ದಿನಾ ಬೆಳಿಗ್ಗೆ ಗಣಪತಿಗೆ ಗರಿಕೆ ಕೊಯ್ಯುವಾಗ ಇನ್ನೊಂದು ಮುಷ್ಟಿ ಹೆಚ್ಚು ಕೊಯ್ದು ಕಂಪೌಂಡಿನ ಮೇಲಿಡುತ್ತಿದ್ದರು. ನಾನು ಸಂಜೆಯ ಪ್ರಾರ್ಥನೆಯಲ್ಲಿ ಸಂತ ಜುಜೆಯ ಹತ್ತಿರ, ನಮ್ಮ ಜುಜೆಯನ್ನು ಉಳಿಸಿಕೊಡು ಎಂದು ಬೇಡುತ್ತಿದ್ದೆ. ಹೆಸರು ಹೇಳುವಾಗ ಪ್ರತಿಸಲ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ.

ಮೊದಲ ವಾರದಲ್ಲಿ ಅವನು ಇನ್ನೂ ಕುಸಿದ. ಗರಿಕೆಯ ಕಡೆ ಮೂತಿ ಚಾಚಿದರೆ ತಲೆ ತಿರುಗಿ ಬೇರೆಲ್ಲಿಗೋ ಹೋಗುತ್ತಿತ್ತು. ಕೊನೆಗೆ ಚಾಚುವುದನ್ನೂ ಬಿಟ್ಟ. ಮೊಲದ ತಿಂಡಿಯನ್ನು ನೀರಿನಲ್ಲಿ ನೆನೆಸಿ, ಅರೆದು, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಡಬೇಕೆಂದು ಡಾಕ್ಟರ್ ಹೇಳಿದಳು. ನಾನು ಚಟ್ನಿಯ ಜಾರನ್ನು ತ್ಯಾಗ ಮಾಡಿದೆ. ಅದರಲ್ಲಿ ಅರೆದದ್ದಕ್ಕೆ ಅವನ ಗಂಜಿ ಎಂದು ಹೆಸರಾಯಿತು. ಆದರೆ ಕುಡಿಸಿದ್ದು ಒಳಗೆ ಹೋಗುತ್ತಿತ್ತು, ಹಿಕ್ಕೆ ಹೊರಗೆ ಬರುತ್ತಿರಲಿಲ್ಲ. ಹಿಕ್ಕೆ ಇಲ್ಲವೆಂದರೆ ಕರುಳು ನಿಂತಿದೆ ಎಂದರ್ಥ, ಕರುಳು ನಿಂತರೆ ಮುಗಿಯಿತು. ಡಾಕ್ಟರ್ ಕರುಳಿಗೆ ಒಂದು ಇಂಜೆಕ್ಷನ್ ಕೊಟ್ಟು, ಹೊಟ್ಟೆಯನ್ನು ಮೆಲ್ಲಗೆ ನೀವುತ್ತಿರಿ, ನಾಳೆ ಮಧ್ಯಾಹ್ನದೊಳಗೆ ಏನೂ ಬಾರದಿದ್ದರೆ ಕರೆತನ್ನಿ ಎಂದು ಕಳಿಸಿದಳು. ಅವಳ ದನಿ ಅಂದು ಬೇರೆಯಾಗಿತ್ತು. ಮರುದಿನ ನಾನು ಶಾಲೆಗೆ ಹೊರಟಾಗ ವಲೇರಿಯನ್ ನೆಲದ ಮೇಲೆ ಕೂತು ಎರಡು ಬೆರಳಿನಿಂದ ಅವನ ಹೊಟ್ಟೆ ನೀವುತ್ತಿದ್ದರು. ನಾನು ಹೋಗಿ ಬರುತ್ತೇನೆ ಎಂದದ್ದು ಅವರಿಗೆ ಕೇಳಿಸಲಿಲ್ಲ. ಈ ಪ್ರಾಣಿ ಹೋದರೆ ಈ ಮನುಷ್ಯ ಏನು ಮಾಡುತ್ತಾರೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಅದು ನನ್ನ ಮಾಮೂಲಿ ಹೆದರಿಕೆಗಳ ಹಾಗಿರಲಿಲ್ಲ. ಅದಕ್ಕೆ ಸದ್ದಿರಲಿಲ್ಲ.

ಒಂಬತ್ತನೆಯ ತರಗತಿಯಲ್ಲಿ ಸವರ್ಣದೀರ್ಘ ಸಂಧಿ ನಡೆಯುತ್ತಿತ್ತು. ಮೇಜಿನ ಮೇಲಿಟ್ಟಿದ್ದ ಫೋನು ಗುಂಯ್‌ಗುಟ್ಟಿತು. ಪಾಠದ ನಡುವೆ ಫೋನು ತೆಗೆಯಬಾರದೆಂದು ಮಕ್ಕಳಿಗೆ ಬುದ್ಧಿ ಹೇಳುವವಳೇ ನಾನು. ಆದರೆ ವಲೇರಿಯನ್ ನನಗೆ ಶಾಲೆಯ ಹೊತ್ತಿನಲ್ಲಿ ಯಾವತ್ತೂ ಫೋನು ಮಾಡಿದವರಲ್ಲ. ಮುಗಿಯಿತು ಎಂದುಕೊಂಡು ಕಿವಿಗಿಟ್ಟೆ. ಆ ಕಡೆಯಿಂದ, "ಹಾಕಿದ" ಎಂದರು. ಎಷ್ಟು ಎಂದೆ. ಒಂದು ಹಿಡಿ ಎಂದರು. ಗಟ್ಟಿಯೋ ಮೆತ್ತಗೋ ಎಂದೆ. ಗಟ್ಟಿ, ಗುಂಡಗೆ ಎಂದರು. ಫೋನಿಟ್ಟು ತಿರುಗಿದಾಗ ನನ್ನ ಕಣ್ಣಲ್ಲಿ ನೀರಿತ್ತು, ತರಗತಿ ಕಲ್ಲಾಗಿ ಕೂತಿತ್ತು. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ, ಟೀಚರ್, ಮೊಮ್ಮಗುವಾ ಎಂದು ಕೇಳಿದಳು. ಸಂಧಿಯ ಉದಾಹರಣೆಯನ್ನು ಬೋರ್ಡಿನ ಮೇಲೆ ಅರ್ಧಕ್ಕೇ ಬಿಟ್ಟು ನಾನು ಕುರ್ಚಿಯಲ್ಲಿ ಕುಳಿತೆ.

ಅಲ್ಲಿಂದ ಅವನು ಏಳತೊಡಗಿದ. ಕಣ್ಣು ಓಡುವುದು ನಿಂತಿತು. ಉರುಳುವುದು ಕಡಿಮೆಯಾಯಿತು. ರಕ್ತದ ವರದಿ ಪಾಸಿಟಿವ್ ಎಂದು ಬಂತು. ಡಾಕ್ಟರ್ ಸಹನಾ, ಔಷಧಿಗೆ ಅವನು ಹೀಗೆ ಸುಧಾರಿಸುತ್ತಿರುವುದೂ ಅದನ್ನೇ ಹೇಳುತ್ತದೆ ಎಂದಳು. ಆದರೂ ನೂರಕ್ಕೆ ನೂರು ಎನ್ನಲಿಲ್ಲ, ನಾನು ಎಷ್ಟು ಕೇಳಿದರೂ.

ಈ ದಿನಗಳಲ್ಲೇ ನಮ್ಮ ಮನೆಯಲ್ಲಿ ಇನ್ನೊಂದು ನಡೆಯಿತು. ಸಂಜೆ ಗಂಜಿ ಕುಡಿಸುವಾಗ ಜುಜೆ ಕೊಸರಾಡುತ್ತಿದ್ದ. ಅವನನ್ನು ಸುಮ್ಮನಿರಿಸಲು ವಲೇರಿಯನ್ ಏನಾದರೂ ಮಾತಾಡಬೇಕಾಗಿತ್ತು. ಅವರಿಗೆ ಲಾಲಿ ಬರುವುದಿಲ್ಲ, ಮುದ್ದಿನ ಮಾತು ಗೊತ್ತಿಲ್ಲ. ಗೊತ್ತಿದ್ದದ್ದು ದೋಹಾ ಒಂದೇ. ಹಾಗಾಗಿ ಕೊಂಕಣಿಯಲ್ಲಿ ಅದನ್ನೇ ಹೇಳತೊಡಗಿದರು. ಬಿಸಿಲಿಗೆ ಕಾದ ತಾರಸಿಯ ಮೇಲೆ ಸ್ಪ್ಯಾನರು ಮುಟ್ಟಿದರೆ ಕೈ ಸುಡುತ್ತಿದ್ದದ್ದು. ಊರಿನೆಲ್ಲರ ಮನೆ ತಂಪು ಮಾಡಿ ಬಂದು, ತಮ್ಮ ರೂಮಿನ ಏಸಿ ಕೆಟ್ಟಾಗ ಸ್ಪೇರ್ ಸಿಗದೆ ಒದ್ದೆ ಬನಿಯನ್ನಿನಲ್ಲಿ ಮಲಗಿದ್ದು. ಮೊದಲ ಕ್ರಿಸ್ಮಸಿಗೆ ಒಬ್ಬ ಮಲಯಾಳಿ ಗೆಳೆಯ ಬಾಣಲೆಯಲ್ಲಿ ಕೇಕು ಮಾಡಲು ಹೋಗಿ ಹೊಗೆ ಎಬ್ಬಿಸಿದ್ದು. ನಾನು ಅಡುಗೆಮನೆಯಲ್ಲಿ ಕೈಕೆಲಸ ನಿಲ್ಲಿಸಿ ಕೇಳುತ್ತಿದ್ದೆ. ಇಷ್ಟು ವರ್ಷ ನಾನು ಕೇಳಿದಾಗಲೆಲ್ಲ, ಎಂತ ಉಂಟು ಅಲ್ಲಿ, ಕೆಲಸ ಮತ್ತು ರೂಮು ಎಂದವರು ಇವರೇ. ಒಂದು ಸಂಜೆ ಮಗಳು ಹುಟ್ಟಿದ ದಿನದ ಮಾತು ಬಂತು. ಸುದ್ದಿ ಬಂದಾಗ ಅವರು ಗಾಳಿ ಹೋಗುವ ತಗಡಿನ ಕೊಳವೆಯೊಳಗೆ ಹೊಟ್ಟೆಯ ಮೇಲೆ ತೆವಳುತ್ತಿದ್ದರಂತೆ. ಕೆಳಗಿನಿಂದ ಯಾರೋ ಕೂಗಿ ಹೇಳಿದರಂತೆ. ಅಲ್ಲೇ ಕತ್ತಲಲ್ಲಿ ಮಲಗಿ ಅತ್ತು, ಇಳಿದ ಮೇಲೆ ಕಣ್ಣಿಗೆ ಧೂಳು ಬಿತ್ತೆಂದು ಸೂಪರ್‌ವೈಸರಿಗೆ ಹೇಳಿದರಂತೆ. ಆ ದಿನ ನಾನು ಇಲ್ಲಿ, ಇವರಿಗೆ ಮಗಳೆಂದು ಸಂತೋಷವಾಗಿದೆಯೋ ಇಲ್ಲವೋ ಎಂದು ಹೆದರುತ್ತಾ ಮಲಗಿದ್ದೆ. ಅದನ್ನು ಮೊಲದ ಮೂಲಕ ತಿಳಿಯಬೇಕಾಯಿತು.

ಅಂದಿನಿಂದ ಆ ಹೊತ್ತಿಗೆ ಅಡುಗೆಮನೆಯ ಬಾಗಿಲ ಬಳಿ ಸ್ಟೂಲು ಹಾಕಿ ಬೆಳ್ಳುಳ್ಳಿ ಸುಲಿಯತೊಡಗಿದೆ. ನಮ್ಮಿಬ್ಬರ ಅಡುಗೆಗೆ ಅಷ್ಟು ಬೆಳ್ಳುಳ್ಳಿ ಬೇಡ. ಸುಲಿದದ್ದನ್ನು ಸುಮತಿಯಕ್ಕನಿಗೆ ಕೊಟ್ಟೆ, ಅವರು ಉಪ್ಪಿನಕಾಯಿ ಹಾಕಿದರು. ಜುಜೆ ತಾನಾಗಿ ಗರಿಕೆ, ಕೊತ್ತಂಬರಿ ಎಲ್ಲ ತಿನ್ನಲು ಶುರು ಮಾಡಿದಾಗ ಡಾಕ್ಟರ್ ಫೋನಿನಲ್ಲಿ, ಗಂಜಿ ಇನ್ನು ಬೇಡ ಎಂದಳು. ನಾನು ಹೂಂ ಎಂದೆ. ಮನೆಯಲ್ಲಿ ಅದನ್ನು ಹೇಳಲಿಲ್ಲ. ಚಟ್ನಿಯ ಜಾರು ತಿರುಗುತ್ತಲೇ ಇತ್ತು.

ಔಷಧಿಯ ತಿಂಗಳು ಮುಗಿದ ಮೇಲೆ ತೋರಿಸಲು ಹೋದೆವು. ಡಾಕ್ಟರ್ ಮೇಜಿನ ಮೇಲೆ ಬಿಟ್ಟಾಗ ಅವನು ನಾಲ್ಕು ಕಾಲಿನ ಮೇಲೆ ನಿಂತು ಅವಳ ಪೆನ್ನು ಕಚ್ಚಿದ. ತಲೆ ಸ್ವಲ್ಪ ಎಡಕ್ಕೇ ಉಳಿದಿತ್ತು. ಅದು ಹಾಗೆಯೇ ಉಳಿಯಬಹುದು, ಅವನಿಗೆ ತೊಂದರೆಯಿಲ್ಲ, ಅವನ ಲೋಕಕ್ಕೆ ಅದೇ ನೇರ ಎಂದಳು. ಕಾಯಿಲೆ ಇನ್ನೊಮ್ಮೆ ಏಳಲೂಬಹುದು, ನೋಡುತ್ತಿರಿ ಎಂದೂ ಹೇಳಿದಳು. ಅಂಥ ಮಾತನ್ನು ನನ್ನ ಹತ್ತಿರ ಯಾರೂ ಹೇಳಬಾರದು. ಆಮೇಲೆ ತೂಕ ನೋಡಿ ಹುಬ್ಬೇರಿಸಿದಳು. ಕಾಯಿಲೆ ಬಿದ್ದ ಮೊಲ ಹೀಗೆ ದಪ್ಪವಾಗಿದ್ದನ್ನು ತಾನು ನೋಡಿಲ್ಲವಂತೆ. "ಟೀಚರ್, ಗಂಜಿ ನಿಲ್ಲಿಸಿದ್ದೀರಲ್ಲ?" ಎಂದು ಕೇಳಿದಳು. ಮಕ್ಕಳು ಹೋಮ್‌ವರ್ಕ್ ಮಾಡದೆ ಬಂದಾಗ ಮುಖವನ್ನು ಹೇಗಿಟ್ಟುಕೊಳ್ಳುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಹಾಗೆಯೇ ಇಟ್ಟುಕೊಂಡೆ.

ವಾಪಸು ಆಟೋದಲ್ಲಿ ಹೊರಟೆವು. ಪಂಪ್‌ವೆಲ್ ಸರ್ಕಲ್ ದಾಟಿದ ಮೇಲೆ ವಲೇರಿಯನ್, ಗಂಜಿ ಬೇಡವೆಂದು ಡಾಕ್ಟರ್ ನನಗೂ ಹೇಳಿದ್ದರು ಎಂದರು. ಮತ್ತೆ ಯಾಕೆ ಕುಡಿಸುತ್ತಿದ್ದಿರಿ ಎಂದು ಕೇಳಿದೆ. ಅವರು ಹೊರಗೆ ನೋಡುತ್ತಾ, "ನೀನು ಬಾಗಿಲ ಹತ್ತಿರ ಕೂತಿರುತ್ತಿದ್ದೆಯಲ್ಲ. ಅರ್ಧದಲ್ಲಿ ಹೇಗೆ ನಿಲ್ಲಿಸುವುದು?" ಎಂದರು. ನಾನು ಜುಜೆಯ ಟವೆಲನ್ನು ಇನ್ನೊಮ್ಮೆ ಸರಿಮಾಡಿದೆ.

ಈಗ ಗಂಜಿಯಿಲ್ಲದೆಯೇ ಅವರು ಚಹಾದ ಹೊತ್ತಿಗೆ ಅದೂ ಇದೂ ಹೇಳುತ್ತಾರೆ. ಮೊನ್ನೆ ಹೇಳಿದ್ದು ಮಾತ್ರ ಬೇಡವಾಗಿತ್ತು. ಅವರು ದೋಹಾದಲ್ಲಿದ್ದಾಗ ಫೋನು ದುಬಾರಿ, ಹಾಗಾಗಿ ನಾನು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಗಲ್ಫಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆ. ಬಾಗಿಲು ಹಾಕಿಕೊಂಡು, ಗಂಡನೊಬ್ಬನಿಗೇ ಎಂದು, ನನ್ನ ಹೆದರಿಕೆಗಳನ್ನೆಲ್ಲ ಅದರಲ್ಲಿ ಹೇಳಿಕೊಳ್ಳುತ್ತಿದ್ದೆ. ಅತ್ತೆ, ನಾದಿನಿಯರ ವಿಷಯವೂ ಇರುತ್ತಿತ್ತು. ಅಲ್ಲಿ ಅವರ ರೂಮಿನಲ್ಲಿದ್ದ ಟೇಪ್ ರೆಕಾರ್ಡರ್ ಒಂದೇ ಆದ್ದರಿಂದ, ಶುಕ್ರವಾರ ಊಟವಾದ ಮೇಲೆ ರೂಮಿನವರೆಲ್ಲರೂ ಸುತ್ತ ಕೂತು ಅದನ್ನು ಕೇಳುತ್ತಿದ್ದರಂತೆ. ಪೂರ್ತಿಯಾಗಿಯೇ ಎಂದು ಕೇಳಿದೆ. ಎರಡೂ ಬದಿ ಎಂದರು. ಆ ರೂಮಿನವರಲ್ಲಿ ಇಬ್ಬರು ನಮ್ಮ ಇಗರ್ಜಿಯವರೇ. ಪ್ರತಿ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದು ಹೊರಗೆ ಬರುವಾಗ ನನ್ನನ್ನು ನೋಡಿ ನಗುತ್ತಾರೆ. ಇಷ್ಟು ವರ್ಷ ನಾನು ಅದನ್ನು ಸೌಜನ್ಯ ಎಂದುಕೊಂಡಿದ್ದೆ.